ಐದು ಗೇಣು

ಹಾಸನದ ಕಾಲೇಜಿನಿಂದ ಎರಡು ದಿನದ ಮಟ್ಟಿಗೆ ರುಜು ಹಾಕಿ ತಂದದ್ದು.
ಹಳದಿ ಪೆಟ್ಟಿಗೆ, ಟಾರ್ಚಿನಷ್ಟೇ ತೂಕ,
ಮೂತಿಗೆ ಈರುಳ್ಳಿ ಸಿಪ್ಪೆಯಂಥ ಅಭ್ರಕದ ಕಿಟಕಿ.
ಅರಸೀಕೆರೆ ಸ್ಟೇಷನ್ನಿನ ಹಿಂದೆ
ಅಬ್ಬಾನ ಗ್ಯಾಸ್‌ಲೈಟ್ ಅಂಗಡಿಯಲ್ಲಿ ಗುಂಡಿ ಒತ್ತಿದೆ.
ಟಿಕ್.
ಟಿಕ್ ಟಿಕ್. ಬಹಳ ಹೊತ್ತು ಏನೂ ಇಲ್ಲ. ಟಿಕ್.

ತಾಳವಿಲ್ಲ ಇದಕ್ಕೆ. ಒಗ್ಗರಣೆ ಸೌಟಿನ ಸಾಸಿವೆ;
ಮುಂದೆ ಸಿಡಿಯುವ ಕಾಳು ಯಾವುದೆಂದು
ಎಣ್ಣೆಗೂ ಗೊತ್ತಿಲ್ಲ.
ಒಂದು ನಿಮಿಷ ಎಣಿಸಿದೆ: ಇಪ್ಪತ್ತನಾಲ್ಕು.

"ಯಾರದು ಇದು?" ಅಂದರು ಅಬ್ಬಾ.
ನಲವತ್ತು ವರ್ಷ ದೀಪಗಳ ಬುಸ್ಸೆನ್ನುವ ಸದ್ದು ತಿಂದ ಕಿವಿ,
ಟಿಕ್ಕು ಕೇಳದು. ಮಿಣುಕುವ ಕೆಂಪು ಚುಕ್ಕಿ ನೋಡುತ್ತಾರೆ.
ಯಾರದೂ ಅಲ್ಲ ಅಬ್ಬಾ. ಹೊಸಿಲ ಕಲ್ಲಿನದು, ಆಕಾಶದ್ದು.
ಬೆಳಿಗ್ಗೆ ತಿಂದಿರಲ್ಲ ಬಾಳೆಹಣ್ಣು,
ಅದರೊಳಗೂ ಒಂದು ಚೂರು ಇದೆ, ಇದಕ್ಕೆ ಕೇಳಿಸದಷ್ಟು.
"ಒಳಗೇನಿದೆ?"

ಒಂದು ಕೊಳವೆ, ತೆಳು ಅನಿಲ, ನಡುವೆ ಬಿಗಿದ ತಂತಿ.
ಕಣ್ಣಿಗೆ ಕಾಣದ್ದೊಂದು ಹಾದು ಹೋಗುತ್ತ
ಯಾವುದೋ ಪರಮಾಣುವಿಗೆ ಮೊಣಕೈ ತಾಗಿಸುತ್ತದೆ,
ಎಲೆಕ್ಟ್ರಾನ್ ಒಂದು ಕಳಚಿಕೊಳ್ಳುತ್ತದೆ.
ಅಷ್ಟೇ ಸಾಕು:
ಕೊಬ್ಬರಿ ಮಂಡಿಯ ರಾಶಿಯ ಬುಡದಿಂದ
ಒಂದೇ ಒಂದು ಗಿಟುಕು ಎಳೆದ ಹಾಗೆ
ಒಂದು ಹತ್ತನ್ನು, ಹತ್ತು ಸಾವಿರವನ್ನು ಉರುಳಿಸಿ
ತಂತಿಯ ಮೇಲೆ ಬಂದು ಬೀಳುವುದು. ಟಿಕ್.
ರಾಶಿ ಉರುಳುವಷ್ಟು ಹೊತ್ತು ಇದು ಕಿವುಡು,
ಆಗ ಬಂದವರು ಲೆಕ್ಕಕ್ಕೆ ಸಿಗುವುದಿಲ್ಲ.
"ನನ್ನ ಹಾಗೆ" ಎಂದು ನಕ್ಕರು.

ಆಮೇಲೆ ಅವರೇ ಇಳಿಸಿದರು ಹಳೇ ಬಿಸ್ಕತ್ತಿನ ಡಬ್ಬಿ.
ಮ್ಯಾಂಟಲ್ಲುಗಳು. ಉಳಿದ ಎರಡು ಡಜನ್.
ಬೆಳಕು ಬೆಳ್ಳಗಿರಲೆಂದು
ಆಗ ಅದರ ನೂಲಿಗೆ ಥೋರಿಯಂ ಕುಡಿಸುತ್ತಿದ್ದರು.
ಮೂತಿ ಹತ್ತಿರ ಒಯ್ದೆ.
ಸಾಸಿವೆಯಲ್ಲ ಈಗ;
ಟಿಕ್ಕುಗಳು ಒಂದಕ್ಕೊಂದು ಅಂಟಿ
ಹೊಸ ಲಟ್ಟಾ ಬಟ್ಟೆ ಪರ್ರನೆ ಹರಿದ ಹಾಗೆ.
ಕೆಂಪು ಚುಕ್ಕಿ ಆರುವುದನ್ನೇ ಮರೆಯಿತು.

ಮ್ಯಾಂಟಲ್ ಕಟ್ಟಿ ದಾರವನ್ನು ಹಲ್ಲಲ್ಲಿ ಕಡಿಯುತ್ತಿದ್ದವರು ಅವರು.
ಅದನ್ನು ಕೇಳಲಿಲ್ಲ.
"ಇಲಿ ಕಡಿಯುತ್ತೆ ಅಂತ
ಈ ಡಬ್ಬಿ ನಿನ್ನ ಅಮ್ಮಿಯ ಮಂಚದ ಮೇಲಿನ ಹಲಗೆಯಲ್ಲಿರುತ್ತಿತ್ತು.
ಕೆಮ್ಮಿನ ವರ್ಷ ಪೂರ್ತಿ."

ಪೆಟ್ಟಿಗೆಗೆ ಎಣಿಸಲು ಬರುತ್ತದೆ. ಅಷ್ಟೇ ಬರುತ್ತದೆ.

ಒಂದು ಗೇಣು ಹಿಂದೆ ಸರಿದೆ: ನೂರಾ ನಾಲ್ಕು.
ಎರಡು ಗೇಣು: ನಲವತ್ತನಾಲ್ಕು.
ಡಬ್ಬಿಯಿಲ್ಲದೆಯೂ ಇರುವ ಇಪ್ಪತ್ತನಾಲ್ಕನ್ನು ಕಳೆದರೆ
ಎಂಬತ್ತು, ಇಪ್ಪತ್ತು.
ದೂರ ಎರಡು ಪಾಲಾದರೆ ಉಳಿಯುವುದು ಕಾಲು ಪಾಲು,
ಹೆಣ್ಣುಮಕ್ಕಳ ಶಾಲೆಯ ಕರಿಹಲಗೆಯ ಮೇಲೆ
ಪ್ರತಿ ವರ್ಷ ಬರೆಯುತ್ತೇನೆ, ಅಳಿಸುತ್ತೇನೆ.

ಅಬ್ಬಾ ಎದ್ದು ಒಳಕೋಣೆಗೆ ಹೋದರು.
ಹಲಗೆ ಈಗಿಲ್ಲ, ಮೊಳೆಗಳಿವೆ.
ಗೋಡೆಗೆ ಹಸ್ತ ಚಾಚಿ, ಹೆಬ್ಬೆರಳಿಗೆ ಕಿರುಬೆರಳು ತಂದು ಇಟ್ಟು
ಮೊಳೆಯಿಂದ ದಿಂಬಿನ ಜಾಗದವರೆಗೆ
ನಿಧಾನಕ್ಕೆ ಅಳೆದರು, ಸುಣ್ಣ ಬೆರಳಿಗೆ ಹತ್ತಿತು.
"ಐದು."

ಐದೈದಲಿ ಇಪ್ಪತ್ತೈದು. ಎಂಬತ್ತಕ್ಕೆ ಭಾಗಿಸಿದೆ.
ಮೂರು ಅಬ್ಬಾ. ನಿಮಿಷಕ್ಕೆ ಮೂರು, ಚೂರು ಹೆಚ್ಚು.
ಕಲ್ಲು ಆಕಾಶ ಕೊಡುವ ಇಪ್ಪತ್ತನಾಲ್ಕರ ಮೇಲೆ.
ಆಗ ಡಬ್ಬಿ ತುಂಬ ಇದ್ದವೇ, ಎಷ್ಟು ಇದ್ದವು,
ಅದು ನನ್ನ ಲೆಕ್ಕದಲ್ಲಿಲ್ಲ. ಹೇಳಲೂ ಇಲ್ಲ.

ಅವರು ಗಲ್ಲಾಪೆಟ್ಟಿಗೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು.
ಒಂದು. ತಡೆದು, ಇನ್ನೊಂದು.
ಮೂರನೆಯದಕ್ಕೆ ಕೈ ಎತ್ತಿ
ಅರ್ಸೀಕೆರೆ ಪ್ಯಾಸೆಂಜರ್ ಹಾಯುವ ತನಕ ಹಾಗೇ ನಿಂತರು.

ನಾಳೆ ಪೆಟ್ಟಿಗೆ ವಾಪಸು ಕೊಡಬೇಕು.
ರಿಜಿಸ್ಟರಿನಲ್ಲಿ 'ಬಳಕೆಯ ಉದ್ದೇಶ' ಎಂಬ ಕಲಂ ಇದೆ,
ಎರಡು ಅಕ್ಷರಕ್ಕಷ್ಟೇ ಜಾಗ.
ಪಾಠ ಎಂದು ಬರೆಯುತ್ತೇನೆ.